ಬೆಂಗಳೂರಿನಲ್ಲಿದ್ದುಕೊಂಡು ಕಲ್ಲುಗಳ ಸಂಗ್ರಹವನ್ನು ಆರಂಭಿಸುವುದು ಹೇಗೆ?

ನೀವು ಎರಡು ವಿಷಯ ಕೇಳಿದ್ದೀರಿ: ಆನ್‌ಲೈನ್‌ನಲ್ಲಿ ಮಾರುವ ಬಣ್ಣಬಣ್ಣದ ಹರಳುಗಳ ಪೆಟ್ಟಿಗೆಯನ್ನು ಕೊಂಡು ಈ ಹವ್ಯಾಸವನ್ನು ಆರಂಭಿಸಬಹುದೇ, ಮತ್ತು ಹಾಗೆ ಕೊಳ್ಳದಿದ್ದರೆ ಬೆಂಗಳೂರಿನಂಥ ಊರಿನಲ್ಲಿ ಸಂಗ್ರಹಿಸಲು ಏನಾದರೂ ಸಿಕ್ಕೀತೇ ಎಂದು. ಮೊದಲನೆಯದು ಬೇಡ, ಎರಡನೆಯದಕ್ಕೆ, ಧಾರಾಳವಾಗಿ ಸಿಗುತ್ತದೆ.

ಅಂಥ ಪೆಟ್ಟಿಗೆಗಳಲ್ಲಿ ಕಾಣುವ ಕಡುನೀಲಿ, ಕಡುಗುಲಾಬಿ ಅಗೇಟ್‌ಗಳು ಸಾಮಾನ್ಯವಾಗಿ ಬಣ್ಣ ಕುಡಿಸಿದವು. ಸಿಟ್ರಿನ್ ಎಂದು ಮಾರುವ ಹಳದಿ ಹರಳುಗಳಲ್ಲಿ ಬಹುಪಾಲು ನೇರಳೆ ಅಮೆಥಿಸ್ಟನ್ನು ಕಾಯಿಸಿ ಬಣ್ಣ ಬದಲಿಸಿದವು. ಓಪಲೈಟ್ ಎಂಬುದು ಗಾಜು. ನನ್ನ ಮುಖ್ಯ ಆಕ್ಷೇಪ ಇದಲ್ಲ. ಅಸಲಿ ಹರಳೇ ಬಂದರೂ ಅದು ಯಾವ ನೆಲದ್ದು ಎಂಬುದು ಆ ಪೆಟ್ಟಿಗೆಯಲ್ಲಿ ಬರೆದಿರುವುದಿಲ್ಲ, ಮತ್ತು ನೆಲೆ ತಿಳಿಯದ ಕಲ್ಲಿನಿಂದ ಕಲಿಯುವುದು ಬಹಳ ಕಡಿಮೆ. ನಮ್ಮ ಹಿರಿಯರು ಐದು ದೇವರನ್ನು ಒಟ್ಟಿಗೆ ಪೂಜಿಸುವ ಪಂಚಾಯತನ ಪೂಜೆಯ ಸಂಪುಟದಲ್ಲಿ ಈ ನಿಯಮವನ್ನು ತಿಳಿದೋ ತಿಳಿಯದೆಯೋ ಪಾಲಿಸಿದ್ದಾರೆ: ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಸೋನ್ ನದಿಯ ಕೆಂಪು ಶೋಣಭದ್ರ, ದೇವಿಗೆ ಸ್ವರ್ಣಮುಖಿ ನದಿಯ ಕಲ್ಲು, ಸೂರ್ಯನಿಗೆ ತಂಜಾವೂರಿನ ಬಳಿಯ ವಲ್ಲಂನ ಸ್ಫಟಿಕ. ಐದಕ್ಕೂ ಹುಟ್ಟಿದ ಊರು ಗೊತ್ತಿದೆ. ಅವುಗಳಲ್ಲಿ ಸಾಲಿಗ್ರಾಮವು ಸಮುದ್ರಜೀವಿಯಾದ ಅಮೋನೈಟಿನ ಪಳೆಯುಳಿಕೆ. ಹಿಮಾಲಯವು ಒಂದು ಕಾಲಕ್ಕೆ ಕಡಲ ತಳವಾಗಿತ್ತು ಎಂಬುದಕ್ಕೆ ಸಾಕ್ಷಿಯಾದ ವಸ್ತುವೊಂದು ಎಷ್ಟೋ ಮನೆಗಳ ದೇವರ ಕೋಣೆಯಲ್ಲಿಯೇ ಇದೆ.

ಆದ್ದರಿಂದ ನೀವು ನಿಂತಿರುವ ನೆಲದಿಂದಲೇ ಆರಂಭಿಸಿ. ಬೆಂಗಳೂರಿನ ತಳದಲ್ಲಿರುವುದು ಬೂದು ಬಣ್ಣದ, ಕಪ್ಪು-ಬಿಳಿ ಪಟ್ಟೆಗಳುಳ್ಳ ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಹಾಸುಬಂಡೆ ಇದೇ ಶಿಲೆ. ವಯಸ್ಸು ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿಂದ ಚೂರನ್ನೂ ತೆಗೆಯಬಾರದು, ತೆಗೆಯುವ ಅಗತ್ಯವೂ ಇಲ್ಲ. ಊರಿನಲ್ಲಿ ಎಲ್ಲಿ ಮನೆಯ ಪಾಯ ಆಳವಾಗಿ ತೋಡುತ್ತಾರೋ ಅಲ್ಲಿ ಇದೇ ಕಲ್ಲು ಮೇಲೆ ಬರುತ್ತದೆ, ಮಾಲೀಕರನ್ನು ಕೇಳಿದರೆ ಒಂದು ತುಂಡು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅದೇ ಜಾಗದಲ್ಲಿ ಲಾರಿಯಲ್ಲಿ ತಂದು ಸುರಿದ ಜಲ್ಲಿ ಮತ್ತು ಸೈಜುಗಲ್ಲುಗಳೂ ಇರುತ್ತವೆ. ಅವು ಯಾವುದೋ ಕ್ವಾರಿಯವು, ನಿಮ್ಮ ನಿವೇಶನದವಲ್ಲ, ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ.

ಮನೆಯೊಳಗೂ ಒಂದು ಪಾಠಶಾಲೆಯಿದೆ. ಅಡುಗೆಮನೆಯ ಕಟ್ಟೆ ಕಡಪ ಕಲ್ಲಿನದಾಗಿದ್ದರೆ ಅದು ಸುಣ್ಣಕಲ್ಲಿನ ಜಾತಿ. ನಿಂಬೆರಸ ಬಿದ್ದ ಕಡೆ ಅದರ ಹೊಳಪು ಹೋಗುವುದು ಇದೇ ಕಾರಣಕ್ಕೆ. ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಕೂಡ ಸುಣ್ಣಕಲ್ಲೇ. ಅಂಗಡಿಯವರು ಕಪ್ಪು ಗ್ರಾನೈಟ್ ಎಂದು ಮಾರುವುದು ಹೆಚ್ಚಿನ ವೇಳೆ ಗ್ರಾನೈಟ್ ಅಲ್ಲ, ಡಾಲರೈಟ್. ನೈಸ್ ಶಿಲೆಯ ಬಿರುಕುಗಳಿಗೆ ಕೆಳಗಿನಿಂದ ಶಿಲಾರಸವಾಗಿ ನುಗ್ಗಿ ಗಟ್ಟಿಯಾದ ಇಂಥ ಕಪ್ಪು ಗೋಡೆಗಳು ಬೆಂಗಳೂರಿನ ಸುತ್ತ ಹಲವಿವೆ. ಅವುಗಳಲ್ಲಿ ಪೂರ್ವ-ಪಶ್ಚಿಮವಾಗಿ ಹಬ್ಬಿರುವ ಒಂದು ಗುಂಪಿನ ವಯಸ್ಸು ಸುಮಾರು 237 ಕೋಟಿ ವರ್ಷ. ಗ್ರಾನೈಟ್ ಕತ್ತರಿಸುವ ಘಟಕಗಳ ಹಿಂದೆ ಬಿದ್ದಿರುವ ತುಂಡುಗಳು ಚೆನ್ನಾದ ಮಾದರಿಗಳೇ, ಆದರೆ ಚಪ್ಪಡಿ ಯಾವ ಊರಿನ ಕ್ವಾರಿಯದು ಎಂದು ಕೇಳಿ ಬರೆದುಕೊಂಡರೆ ಮಾತ್ರ.

ಗುರುತು ಹಿಡಿಯುವ ವಿಚಾರದಲ್ಲಿ ಹೊಸಬರು ಬಣ್ಣವನ್ನು ನಂಬುತ್ತಾರೆ. ಬಣ್ಣವು ಎಲ್ಲಕ್ಕಿಂತ ಕಡಿಮೆ ನಂಬಿಕೆಗೆ ಅರ್ಹವಾದ ಲಕ್ಷಣ. ಮೊದಲು ಗಟ್ಟಿತನವನ್ನು ನೋಡಿ. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಹತ್ತು ಮೆಟ್ಟಿಲಿನ ಅಳತೆಯಲ್ಲಿ ಟಾಲ್ಕ್ 1, ವಜ್ರ 10. ಹೆಚ್ಚಿನ ಅಂಕಿಯದು ಕಡಿಮೆ ಅಂಕಿಯದನ್ನು ಗೀರುತ್ತದೆ. ನಮ್ಮ ಉಗುರು ಸುಮಾರು ಎರಡೂವರೆ, ಸಾಮಾನ್ಯ ಚಾಕು ಮತ್ತು ಕಿಟಕಿ ಗಾಜು ಸುಮಾರು ಐದೂವರೆ. ಬಳಪದ ಕಲ್ಲು ಉಗುರಿಗೇ ಗೀಚಿಸಿಕೊಳ್ಳುತ್ತದೆ. ಹೊಯ್ಸಳ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾದದ್ದು ಈ ಮೃದುತನದಿಂದಲೇ. ಬೆಣಚುಕಲ್ಲಿನ ಗಟ್ಟಿತನ 7 ಆದ್ದರಿಂದ ಚಾಕು ಅದರ ಮೇಲೆ ಜಾರುತ್ತದೆ, ಅದು ಗಾಜನ್ನು ಗೀರುತ್ತದೆ. ಫೆಲ್ಡ್‌ಸ್ಪಾರ್ ಎಂಬ, ಗ್ರಾನೈಟಿನಲ್ಲಿ ಹೇರಳವಾಗಿರುವ ಖನಿಜ ಕೂಡ ಗಾಜನ್ನು ಗೀರುತ್ತದೆಯಾದರೂ ಅದು ಒಡೆದ ಕಡೆ ಸಪಾಟಾದ ಮುಖಗಳು ಬಿಸಿಲಿಗೆ ಮಿನುಗುತ್ತವೆ, ಬೆಣಚು ಮಾತ್ರ ಅಂಕುಡೊಂಕಾಗಿ ಒಡೆಯುತ್ತದೆ. ಎರಡನೆಯದು ಒರೆ: ಮೆರುಗಿಲ್ಲದ ಬಿಳಿ ಟೈಲಿನ ಹಿಂಬದಿಯ ಮೇಲೆ ತಿಕ್ಕಿದರೆ ಬೀಳುವ ಗೆರೆಯ ಬಣ್ಣ. ಸಂಡೂರಿನ ಕಡೆಯ ಹೆಮಟೈಟ್ ಎಂಬ ಕಬ್ಬಿಣದ ಅದಿರು ಹೊರಗೆ ಕಪ್ಪಾಗಿ ಹೊಳೆದರೂ ಗೆರೆ ಕೆಂಗಂದು. ಇನ್ನೊಂದು ಕಬ್ಬಿಣದ ಅದಿರಾದ ಮ್ಯಾಗ್ನೆಟೈಟಿನ ಗೆರೆ ಕಪ್ಪು, ಜೊತೆಗೆ ಆಯಸ್ಕಾಂತ ಅದಕ್ಕೆ ಬಲವಾಗಿ ಅಂಟುತ್ತದೆ.

ತೂಕದ ಪರೀಕ್ಷೆಯನ್ನು ಬಹಳಷ್ಟು ಜನ ಬಿಟ್ಟುಬಿಡುತ್ತಾರೆ, ನನಗೆ ಅದೇ ಅತ್ಯಂತ ಇಷ್ಟ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಲ್ಲನ್ನು ಮೊದಲು ಒಣದಾಗಿ ತೂಗಿ. ಬಳಿಕ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಕಾಣುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿದರೆ ಸಾಪೇಕ್ಷ ಸಾಂದ್ರತೆ, ಅಂದರೆ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, ಸಿಗುತ್ತದೆ: 540 ಗ್ರಾಂ ಕಲ್ಲು ನೀರಿನಲ್ಲಿ 200 ತೋರಿಸಿದರೆ 2.7. ನೈಸ್ ಮತ್ತು ಗ್ರಾನೈಟ್ ಇದರ ಆಸುಪಾಸಿನಲ್ಲಿ ಬರುತ್ತವೆ, ಡಾಲರೈಟ್ 3ರ ಹತ್ತಿರ, ಶುದ್ಧ ಹೆಮಟೈಟ್ 5ಕ್ಕಿಂತ ಮೇಲೆ.

ದಾಖಲೆಯಿಲ್ಲದೆ ಒಂದು ಕಲ್ಲನ್ನೂ ಮನೆಗೆ ತರಬೇಡಿ. ಎತ್ತಿಕೊಂಡ ಜಾಗದಲ್ಲಿಯೇ ಒಂದು ಚೀಟಿಯಲ್ಲಿ ದಿನಾಂಕ, ಊರು, ಮೊಬೈಲ್ ತೋರಿಸುವ ಅಕ್ಷಾಂಶ-ರೇಖಾಂಶ, ಮತ್ತು ಕಲ್ಲು ನೆಲಕ್ಕೆ ಕಚ್ಚಿಕೊಂಡ ಬಂಡೆಯದೋ ಬಿಡಿಯಾಗಿ ಬಿದ್ದದ್ದೋ ಎಂಬುದನ್ನು ಬರೆದು, ಕಲ್ಲಿನೊಂದಿಗೇ ಹಳೆಯ ಪತ್ರಿಕೆಯಲ್ಲಿ ಸುತ್ತಿಡಿ. ಮನೆಯಲ್ಲಿ ತೊಳೆದು ಒಣಗಿಸಿ, ಕಾಣದ ಬದಿಯಲ್ಲಿ ಬಿಳಿ ಬಣ್ಣದ ಚುಕ್ಕೆಯಿಟ್ಟು, ಅದರ ಮೇಲೆ ಸಂಖ್ಯೆ ಬರೆದು, ಬಣ್ಣವಿಲ್ಲದ ಉಗುರುಬಣ್ಣವನ್ನು ಲೇಪಿಸಿದರೆ ಅದು ವರ್ಷಗಟ್ಟಲೆ ಅಳಿಸುವುದಿಲ್ಲ. ಅದೇ ಸಂಖ್ಯೆಯ ಎದುರು ಪುಸ್ತಕದಲ್ಲಿ ವಿವರ. ಕಲ್ಲಿನ ಹೆಸರು ಆಮೇಲೆ ತಿಳಿದರೂ ಅಡ್ಡಿಯಿಲ್ಲ, ನೆಲೆಯನ್ನು ಆಮೇಲೆ ತಿಳಿಯಲಾಗದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ ಜಾಲತಾಣದಲ್ಲಿ ಭೂವೈಜ್ಞಾನಿಕ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಚೀಟಿಯ ಜಾಗವನ್ನು ಅದರಲ್ಲಿ ಹುಡುಕಿದರೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ.

ಉಪಕರಣಗಳಿಗೆ ಹೆಚ್ಚು ಖರ್ಚು ಮಾಡಬೇಡಿ. ಒಂದು ಸುತ್ತಿಗೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಕಣ್ಣಿಗೆ ರಕ್ಷಣಾ ಕನ್ನಡಕ ಮಾತ್ರ ಕಡ್ಡಾಯ, ಏಕೆಂದರೆ ಸಿಡಿದ ಚಕ್ಕೆ ಹೇಳಿಕೇಳಿ ಬರುವುದಿಲ್ಲ. ಮೇಲ್ಮೈ ಮಳೆಬಿಸಿಲಿಗೆ ಬಣ್ಣಗೆಟ್ಟಿರುವುದರಿಂದ ಒಂದು ಬದಿಯಾದರೂ ಹೊಸದಾಗಿ ಒಡೆದ ಮುಖವಿರಬೇಕು. ನೂಲುನೂಲಾಗಿ ಬಿಡಿಸಿಕೊಳ್ಳುವ ಕಲ್ಲುಗಳನ್ನು ಕೆರೆಯಬೇಡಿ, ಒಡೆಯಬೇಡಿ. ಹೊಳೆನರಸೀಪುರದ ಕಡೆ ಆಸ್ಬೆಸ್ಟಾಸ್ ಸಿಗುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ನೀರು ತುಂಬಿದ ಪಾಳು ಕ್ವಾರಿಗಳ ಅಂಚಿಗೆ ಹೋಗಲೇಬೇಡಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹಂಪಿ-ಬಾದಾಮಿಯಂಥ ಸಂರಕ್ಷಿತ ಸ್ಮಾರಕಗಳ ಆವರಣದಿಂದ ಏನನ್ನೂ ತರಬಾರದು. ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಇವೂ ಭೂವೈಜ್ಞಾನಿಕ ಸ್ಮಾರಕಗಳು. ಫೋಟೋ ತೆಗೆದುಕೊಂಡು ಬನ್ನಿ.

ಊರಿನಿಂದ ಹೊರಗೆ ಮೊದಲ ಪ್ರಯಾಣಕ್ಕೆ ರಾಮನಗರದ ದಿಕ್ಕನ್ನು ಸೂಚಿಸುತ್ತೇನೆ. ಆ ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಸಿಕೊಳ್ಳುವ ಶಿಲೆ ಅಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಇದರಲ್ಲಿ ಹೆಬ್ಬೆರಳಷ್ಟು ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾದ್ದರಿಂದ ಅದನ್ನು ಬಿಟ್ಟು, ಸುತ್ತಲಿನ ಕ್ವಾರಿಗಳಲ್ಲಿ ಅನುಮತಿ ಕೇಳಿ. ಲಾಲ್‌ಬಾಗಿನಲ್ಲಿ ಕಂಡ ಪಟ್ಟೆಗಳು ಇಲ್ಲಿ ಯಾಕಿಲ್ಲ ಎಂದು ನೀವಾಗಿ ಯೋಚಿಸಿದರೆ, ಕರಗಿದ ಶಿಲಾರಸ ತಣಿದು ಹರಳುಗಟ್ಟುವುದಕ್ಕೂ ಇದ್ದ ಕಲ್ಲೇ ಶಾಖ-ಒತ್ತಡಗಳಿಗೆ ಸಿಕ್ಕಿ ರೂಪಾಂತರಗೊಳ್ಳುವುದಕ್ಕೂ ಇರುವ ಅಂತರ ಕೈಯಲ್ಲಿಯೇ ತಿಳಿಯುತ್ತದೆ.

ಗಾತ್ರವನ್ನು ಅಂಗೈಯೊಳಗೆ ಹಿಡಿಸುವಷ್ಟಕ್ಕೆ ಸೀಮಿತಗೊಳಿಸಿ. ಐದು ಸೆಂಟಿಮೀಟರ್ ಘನದಂಥ ಗ್ರಾನೈಟ್ ತುಂಡು ಸುಮಾರು 340 ಗ್ರಾಂ ತೂಗುತ್ತದೆ. ಅಂಥವು ನೂರಾದರೆ 34 ಕಿಲೋ, ಬಾಡಿಗೆ ಮನೆಯ ತೆಳು ಹಲಗೆಯ ಕಪಾಟು ಬಾಗಲು ಅಷ್ಟು ಸಾಕು. ಪ್ರತಿ ಜಾಗದಿಂದ ಎರಡು ತುಂಡು ತನ್ನಿ: ಒಂದನ್ನು ಹಾಗೆಯೇ ಇಡಿ, ಇನ್ನೊಂದನ್ನು ಗೀಚಲು, ಒಡೆಯಲು, ಇಲ್ಲವೇ ಕರಾವಳಿಯ ಮುರಕಲ್ಲನ್ನೋ ಬೀದರ್-ವಿಜಯಪುರದ ಕಡೆಯ, ಲಾವಾ ಗಟ್ಟಿಯಾಗಿ ಆದ ಬಸಾಲ್ಟನ್ನೋ ಕಳುಹಿಸಬಲ್ಲ ಸ್ನೇಹಿತರೊಂದಿಗೆ ಚೀಟಿಸಮೇತ ವಿನಿಮಯ ಮಾಡಿಕೊಳ್ಳಲು ಬಳಸಿ.