ಎರವಲು ಕಂಬ, ಸ್ವಂತ ಕಮಾನು

ಮೈಸೂರಿನ ಒಬ್ಬ ನಿವೃತ್ತ ಇಂಜಿನಿಯರ್ ಬರೆಯುತ್ತಾರೆ: "ಸ್ಪೇನಿನ ಕೊರ್ಡೊಬಾ ಮಸೀದಿಯನ್ನು ಹೊಗಳಿ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನೂ ನನ್ನ ಹೆಂಡತಿಯೂ ಈಚೆಗೆ ಅಲ್ಲಿಗೆ ಹೋಗಿದ್ದೆವು. ಕಂಬಗಳು ರೋಮನ್ನರವು, ಲಾಳದ ಆಕಾರದ ಕಮಾನು ಅರಬ್ಬರಿಗಿಂತ ಮೊದಲೇ ಅಲ್ಲಿತ್ತು, ಗೋಡೆಯ ಬಣ್ಣದ ಗಾಜಿನ ಕೆಲಸ ಬೈಜಾಂಟಿಯಂನಿಂದ ಬಂದದ್ದು ಅಂತ ನಮ್ಮ ಗೈಡೇ ಹೇಳಿದ. ಹಾಗಾದರೆ ಎಲ್ಲ ಎರವಲೇ ಆಯಿತಲ್ಲ? ಈಗ ಅದು ಚರ್ಚು ಬೇರೆ. ಅದು ಯಾರ ಕಟ್ಟಡ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಿ. ಮೂರು ಫೋಟೋ ಜೊತೆಗಿಟ್ಟಿದ್ದೇನೆ."

ಸಂಪಾದಕರ ಉತ್ತರ:

ಮಾನ್ಯರೇ, ಒಂದೇ ಮಾತಿನಲ್ಲಿ ಹೇಳುವುದು ನನ್ನಿಂದಾಗದು. ಇಪ್ಪತ್ತು ವರ್ಷದಿಂದ ಈ ಕಟ್ಟಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಒಮ್ಮೆ ಹೋಗಿ ಇಡೀ ದಿನ ಅಲ್ಲೇ ಕಳೆದು ಬಂದಿದ್ದೇನೆ. ಉತ್ತರ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಗೈಡ್ ಹೇಳಿದ್ದು ಸುಳ್ಳಲ್ಲ. ಮೊದಲ ಹಂತದ ಕಂಬಗಳು ಹಳೆಯ ರೋಮನ್ ಕಟ್ಟಡಗಳಿಂದ, ರೋಮನ್ನರ ನಂತರ ಸ್ಪೇನ್ ಆಳಿದ ವಿಸಿಗಾಥರ ಕಟ್ಟಡಗಳಿಂದ ಬಂದವು. ಅರಬ್ಬರು ಸ್ಪೇನಿಗೆ ಕಾಲಿಟ್ಟಿದ್ದು 711ರಲ್ಲಿ. ಅದಕ್ಕೂ ಐವತ್ತು ವರ್ಷ ಮೊದಲು, 661ರಲ್ಲಿ, ಕಟ್ಟಿಸಿದ ಸಾನ್ ಹುವಾನ್ ದೆ ಬಾನ್ಯೋಸ್ ಚರ್ಚಿನಲ್ಲಿ ಲಾಳದ ಕಮಾನು ಇದೆ. ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡಿನ, ಅಂದರೆ ಮಿಹ್ರಾಬಿನ, ಚಿನ್ನದ ಗಾಜಿನ ಹರಳುಗಳನ್ನು ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಕಳಿಸಿಕೊಟ್ಟ. ಕೆಲಸ ಕಲಿಸಲು ಒಬ್ಬ ಕಸುಬುದಾರನನ್ನೂ ಕಳಿಸಿದ. ಇದೆಲ್ಲ ಒಪ್ಪಿದೆ.

ಆದರೆ ನೀವು ಇಂಜಿನಿಯರ್. ಗೈಡ್ ಅಷ್ಟಕ್ಕೇ ನಿಲ್ಲಿಸಿದರೂ ನೀವು ತಲೆಯೆತ್ತಿ ನೋಡಬೇಕಿತ್ತು!

785ನೇ ಇಸವಿಯ ಆ ಮೇಸ್ತ್ರಿಯ ಜಾಗದಲ್ಲಿ ನಿಂತುಕೊಳ್ಳಿ. ಕೆಲಸ ಹೇಳಿದವನು ಒಂದನೇ ಅಬ್ದ್ ಅಲ್ ರಹಮಾನ್. ಸಿರಿಯಾದಲ್ಲಿ ಮನೆತನದವರನ್ನೆಲ್ಲ ಕೊಂದಾಗ ತಪ್ಪಿಸಿಕೊಂಡು ಓಡಿಬಂದು, 756ರಲ್ಲಿ ಕೊರ್ಡೊಬಾ ಹಿಡಿದವನು. ಅವನಿಗೆ ದೊಡ್ಡ ಪ್ರಾರ್ಥನೆಯ ಹಜಾರ ಬೇಕು, ಅದೂ ಬೇಗ ಬೇಕು. ಮೇಸ್ತ್ರಿಯ ಎದುರು ಬಿದ್ದಿರುವುದು ಹಳೆಯ ಕಂಬಗಳ ರಾಶಿ. ಒಂದು ಉದ್ದ, ಒಂದು ಮೋಟು. ಒಂದು ನುಣುಪು, ಇನ್ನೊಂದಕ್ಕೆ ಗೆರೆ. ಬೋದಿಗೆಗಳೂ ಒಂದೊಂದು ಥರ. ಉದ್ದದ ಕಂಬವನ್ನು ನೆಲದೊಳಗೆ ಹೂತು ಮಟ್ಟ ಮಾಡಬಹುದು, ಮಾಡಿದರು ಕೂಡ. ಆದರೆ ಅದರ ಮೇಲೆ ನೇರವಾಗಿ ಸೂರು ಕೂರಿಸಿದರೆ ಅಷ್ಟು ಅಗಲದ ಹಜಾರ ನೆಲಮಾಳಿಗೆಯ ಹಾಗೆ ಕಾಣುತ್ತದೆ. ತಲೆಯ ಮೇಲೇ ಸೂರು.

ಆಗ ಅವನು ಮಾಡಿದ್ದೇನು? ಬೋದಿಗೆಯ ಮೇಲೆ ಇನ್ನೊಂದು ಕಲ್ಲಿನ ಕಂಬ ನಿಲ್ಲಿಸಿದ. ಅದು ಕೆಳಗಿನ ಕಂಬಕ್ಕಿಂತ ದಪ್ಪ! ಕಾಲು ಸಣ್ಣ, ಹೆಗಲು ಅಗಲ. ಹಾಗೆ ನಿಂತದ್ದು ವಾಲಬಾರದಲ್ಲ, ಅದಕ್ಕೆ ನಡುವೆ ಒಂದು ಕಮಾನು ಕಟ್ಟಿ ಕಂಬಕ್ಕೆ ಕಂಬ ಬಿಗಿದ. ಆ ಕೆಳಗಿನ ಕಮಾನು ಸೂರನ್ನು ಹೊರುವುದಿಲ್ಲ, ಸುಮ್ನೆ ಗಾಳಿಯಲ್ಲಿ ನಿಂತಿದೆ. ಅದರ ಮೇಲಿನ ಇನ್ನೊಂದು ಕಮಾನು ಗೋಡೆಯನ್ನು ಹೊರುತ್ತದೆ. ಆ ಗೋಡೆ ದಪ್ಪ ಯಾಕಿರಬೇಕು ಗೊತ್ತೇ? ಅದರ ನೆತ್ತಿಯ ಮೇಲೆ ಮಳೆ ನೀರಿನ ಕಾಲುವೆ ಹರಿಯುತ್ತದೆ. ಎರಡು ಇಳಿಜಾರು ಸೂರುಗಳ ನೀರೆಲ್ಲ ಅಲ್ಲಿ ಸೇರಿ ಅಂಗಳಕ್ಕೆ ಬೀಳುತ್ತದೆ. ಸ್ಪೇನಿನದೇ ಮೆರಿಡಾ ಊರಿನ ರೋಮನ್ ಮೇಲ್ಗಾಲುವೆಯಲ್ಲಿ ಕಮಾನಿನ ಮೇಲೆ ಕಮಾನು, ಕಲ್ಲಿನ ನಡುವೆ ಇಟ್ಟಿಗೆಯ ಪಟ್ಟಿ ಇದೆ. ಅದನ್ನು ನೋಡಿಯೇ ಹೊಳೆದಿರಬೇಕು ಅಂತ ಬಹಳ ಜನ ಪಂಡಿತರು ಹೇಳುತ್ತಾರೆ. ಇರಲಿ. ಆದರೆ ನೀರು ಸಾಗಿಸುವ ಕಟ್ಟಡವನ್ನು ಮನೆಯೊಳಗೆ ತಂದು, ಒಂದರ ಪಕ್ಕ ಒಂದು ಸಾಲಾಗಿ ನಿಲ್ಲಿಸಿ, ತೋಪಿನ ಹಾಗೆ ಮಾಡಬಹುದು ಅಂತ ಯಾವ ರೋಮನ್ನನಿಗೂ ಹೊಳೆದಿರಲಿಲ್ಲ. ಕಂಬ ಎರವಲು, ಸರಿ. ಲೆಕ್ಕಾಚಾರ ಯಾರದು?

ನಾನು ಹೋದ ದಿನ ಒಂದು ಕಂಬದ ಬುಡದಲ್ಲಿ ಕೂತುಬಿಟ್ಟಿದ್ದೆ. ಕಾವಲಿನವನು ಬಂದು ಏಳಿ ಅಂತ ಕೈ ಮಾಡಿದ. ಎದ್ದು ಇನ್ನೊಂದು ಕಂಬಕ್ಕೆ ಹೋದೆ. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಕೆಂಪು, ಮತ್ತೆ ಬಿಳಿ. ಇವತ್ತಿಗೂ 856 ಕಂಬ ನಿಂತಿವೆ. 10ನೇ ಶತಮಾನದಲ್ಲಿ ಕೊರ್ಡೊಬಾದ ದೊರೆ ಎರಡನೇ ಅಲ್ ಹಕಮ್ ಹಜಾರ ದೊಡ್ಡದು ಮಾಡಿಸಿದಾಗ ಹಳೆಯ ಕಂಬ ಹುಡುಕಲಿಲ್ಲ, ಹೊಸದಾಗಿ ಕಡೆಸಿದ. "ಎಲ್ಲ ಎರವಲೇ" ಅನ್ನುವ ನಿಮ್ಮ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಆ ಹೊಸ ಕಂಬ, ಬೋದಿಗೆಗಳ ಮೇಲೆ ಕಲ್ಲುಕುಟಿಗರು ತಮ್ಮ ಹೆಸರು ಗೀರಿ ಹೋಗಿದ್ದಾರೆ. ಫತ್ಹ್ ಅಂತ ಒಬ್ಬ, ನಸ್ರ್ ಅಂತ ಒಬ್ಬ. ಅವುಗಳ ಅಚ್ಚು ತೆಗೆದು ಅಲ್ಲೇ ಒಂದು ಕಡೆ ಇಟ್ಟಿದ್ದಾರೆ. ಬೆರಳಗಲದ ಅಕ್ಷರಗಳು. ನನಗೆ ಮಿಹ್ರಾಬಿನ ಚಿನ್ನಕ್ಕಿಂತ ಅವೇ ಹೆಚ್ಚು ಹೊತ್ತು ಹಿಡಿದವು.

ಆ ಕಾಲ ಸ್ವರ್ಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. 1066ರಲ್ಲಿ ಗ್ರನಾಡಾದಲ್ಲಿ ಯಹೂದಿಗಳನ್ನು ಕೊಂದರು. 1148ರಲ್ಲಿ ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಂ ಅರಸರಾದ ಅಲ್ಮೊಹಾದರು ಕೊರ್ಡೊಬಾ ಹಿಡಿದ ಮೇಲೆ ಅದೇ ಊರಲ್ಲಿ ಹುಟ್ಟಿದ ಯಹೂದಿ ಪಂಡಿತ ಮೈಮೊನಿಡಿಸನ ಮನೆಯವರು ಊರು ಬಿಡಬೇಕಾಯಿತು. 997ರಲ್ಲಿ ಕೊರ್ಡೊಬಾದ ಸೇನಾಪತಿ ಅಲ್ ಮನ್ಸೂರ್ ಉತ್ತರ ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳ ಸಾಂಟಿಯಾಗೊ ಊರನ್ನು ಸೂರೆ ಮಾಡಿ, ಅಲ್ಲಿನ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಇದೇ ಮಸೀದಿಗೆ ತಂದ. ಅವನ್ನು ದೀಪಗಳಾಗಿ ತೂಗುಹಾಕಿದರಂತೆ. 1236ರಲ್ಲಿ ಕ್ರೈಸ್ತ ದೊರೆ ಮೂರನೇ ಫರ್ನಾಂಡೊ ಕೊರ್ಡೊಬಾ ಗೆದ್ದ. ಅದೇ ಗಂಟೆಗಳನ್ನು ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ವಾಪಸು ಕಳಿಸಿದ. ಇತಿಹಾಸದ ಪುಸ್ತಕಗಳು ಈ ಕಥೆಯನ್ನು ಇಬ್ಬರು ದೊರೆಗಳ ಲೆಕ್ಕ ಚುಕ್ತಾ ಆದ ಹಾಗೆ ಹೇಳುತ್ತವೆ. ನನಗೆ ಕಾಣುವುದು ಹೆಗಲುಗಳು. ಸ್ಪೇನಿನ ಆ ತುದಿಯಿಂದ ಈ ತುದಿಗೆ ಗಂಟೆ ಹೊತ್ತವರ ಹೆಸರು ಯಾವ ಬಖೈರಿನಲ್ಲೂ ಇಲ್ಲ.

ನೀವು ಕೇಳಿದ "ಯಾರ ಕಟ್ಟಡ" ಅನ್ನುವ ಪ್ರಶ್ನೆ ಗೆದ್ದವರ ಪ್ರಶ್ನೆ. ಗಾರೆಯವರ ಕಡೆಯಿಂದ ಕೇಳಿ ನೋಡಿ, ಕಥೆಯೇ ಬೇರೆ.

ಗೆದ್ದ ಮೇಲೆ ಫರ್ನಾಂಡೊ ಮಸೀದಿಯನ್ನು ಒಡೆಯಲಿಲ್ಲ. ಚರ್ಚಾಗಿ ಮಾಡಿ ಬಳಸಿದ. ಅದನ್ನು ದುರಸ್ತಿ ಮಾಡುತ್ತಾ ಬಂದವರು ಊರಿನ ಮುಸ್ಲಿಂ ಗಾರೆಯವರು ಮತ್ತು ಬಡಗಿಗಳು. 1523ರಲ್ಲಿ ಬಿಷಪ್ ಒಬ್ಬರು ಹಜಾರದ ನಟ್ಟನಡುವೆ ದೊಡ್ಡ ಚರ್ಚು ಎಬ್ಬಿಸಲು ಹೊರಟರು. ತಡೆದದ್ದು ಯಾರು? ಕೊರ್ಡೊಬಾದ ನಗರಸಭೆ. ಅವರೆಲ್ಲ ಕ್ರೈಸ್ತರೇ. ಇಲ್ಲಿ ಕೆಡವುವ ಕೆಲಸಕ್ಕೆ ಕೈ ಹಾಕಿದ ಗಾರೆಯವನಿಗೂ ಬಡಗಿಗೂ ಮರಣದಂಡನೆ ಅಂತ ಡಂಗುರ ಹೊಡೆಸಿದರು. ಕೆಡವಿದ್ದನ್ನು ಮತ್ತೆ ಇಷ್ಟು ಚೆನ್ನಾಗಿ ಕಟ್ಟಲು ಆಗುವುದಿಲ್ಲ ಅನ್ನುವುದು ಅವರ ವಾದ. ಚಕ್ರವರ್ತಿ ಐದನೇ ಕಾರ್ಲೊಸ್ ಬಿಷಪ್ ಪರ ತೀರ್ಪು ಕೊಟ್ಟ, ಚರ್ಚು ಎದ್ದಿತು. ಕೆಲಸ ಹಿಡಿದ ಎರ್ನಾನ್ ರೂಯಿಸ್ ಸುತ್ತಲಿನ ಕಂಬಗಳನ್ನು ಆದಷ್ಟೂ ಉಳಿಸಿಕೊಂಡೇ ಕಟ್ಟಿದ. ಅವನ ನಂತರ ಮಗ, ಆಮೇಲೆ ಮೊಮ್ಮಗ. ನಡುವಿನ ಚರ್ಚು ಇದ್ದದ್ದರಿಂದಲೇ ಇಡೀ ಕಟ್ಟಡ ಉಳಿಯಿತು ಅನ್ನುವವರೂ ಇದ್ದಾರೆ. ನನಗಂತೂ ಆ ನಗರಸಭೆಯವರ ಮೇಲೆ ಬಹಳ ಪ್ರೀತಿ.

ಸೆವಿಲ್ಲಾಗೂ ಹೋಗಿದ್ದಿರೋ ಇಲ್ಲವೋ ಬರೆದಿಲ್ಲ. ಅಲ್ಲಿ ಕ್ಯಾಸ್ಟೈಲಿನ ಕ್ರೈಸ್ತ ದೊರೆ ಪೆದ್ರೊ 1364ರಲ್ಲಿ ತನಗೊಂದು ಅರಮನೆ ಕಟ್ಟಿಸಲು ಶುರು ಮಾಡಿದ. ಗ್ರನಾಡಾದ ಮುಸ್ಲಿಂ ಸುಲ್ತಾನ ಐದನೇ ಮುಹಮ್ಮದ್ ಅವನ ಗೆಳೆಯ. ಗ್ರನಾಡಾದಿಂದಲೂ ಕೆಲಸಗಾರರು ಬಂದರು. ಅರಮನೆಯ ಮುಂಭಾಗದ ನೆತ್ತಿಯ ಮೇಲೆ ನೀಲಿ, ಬಿಳಿ ಹಂಚಿನಲ್ಲಿ ಅರಬಿ ಅಕ್ಷರ ಮೂಡಿದೆ: "ದೇವರಲ್ಲದೆ ಗೆಲ್ಲುವವನಿಲ್ಲ." ಇದು ಗ್ರನಾಡಾದ ಅರಮನೆ ಅಲ್ಹಂಬ್ರಾದ ಗೋಡೆಗೋಡೆಯಲ್ಲೂ ಇರುವ ಗ್ರನಾಡಾ ಸುಲ್ತಾನರ ಘೋಷವಾಕ್ಯ. ಕ್ರೈಸ್ತ ದೊರೆ ಅದನ್ನೇ ತನ್ನ ಬಾಗಿಲ ಮೇಲೆ ಬರೆಸಿಕೊಂಡ. ಇದನ್ನು ಎರವಲು ಅನ್ನುತ್ತೀರೋ, ಪ್ರೀತಿ ಅನ್ನುತ್ತೀರೋ? ಕೊರ್ಡೊಬಾ ಗೆದ್ದ ಫರ್ನಾಂಡೊನ ಸಮಾಧಿಯೂ ಸೆವಿಲ್ಲಾದಲ್ಲೇ ಇದೆ. ಅದರ ಬರಹ ಲ್ಯಾಟಿನ್, ಕ್ಯಾಸ್ಟಿಲಿಯನ್, ಅರಬಿ, ಹೀಬ್ರೂ, ನಾಲ್ಕರಲ್ಲೂ ಇದೆ.

ಕೊನೆಗೆ ಅದೇ ನಾಡು ಈ ಕೈಗಳನ್ನೇ ಹೊರಗೆ ದಬ್ಬಿತು. 1492ರಲ್ಲಿ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡಾ ಬಿತ್ತು. ಕೆಲವೇ ವರ್ಷದಲ್ಲಿ ಅರಬಿ ಪುಸ್ತಕಗಳನ್ನು ಚೌಕದಲ್ಲಿ ಸುಟ್ಟರು. 1567ರಲ್ಲಿ ಅರಬಿ ಮಾತಾಡುವುದಕ್ಕೂ ನಿಷೇಧ. 1609ರಿಂದ 1614ರೊಳಗೆ ಮುಸ್ಲಿಂ ಮೂಲದ ಸುಮಾರು ಮೂರು ಲಕ್ಷ ಜನರನ್ನು, ಬ್ಯಾಪ್ಟಿಸಂ ಆಗಿ ಕ್ರೈಸ್ತರಾಗಿದ್ದರೂ, ಹಡಗು ಹತ್ತಿಸಿ ಕಳಿಸಿಬಿಟ್ಟರು. ವಲೆನ್ಸಿಯಾದಲ್ಲಿ ಮೂವರಲ್ಲಿ ಒಬ್ಬರು ಹೋದರು. ಕಬ್ಬು, ಭತ್ತ ಬೆಳೆಯುತ್ತಿದ್ದ ಊರುಗಳು ಖಾಲಿ ಬಿದ್ದವು. ಜನ ಹೋದರು, ಮಾತು ಉಳಿಯಿತು. ಇವತ್ತಿಗೂ ಸ್ಪೇನಿನಲ್ಲಿ ಗಾರೆಯವನಿಗೆ "ಅಲ್ಬಾನ್ಯಿಲ್" ಅನ್ನುತ್ತಾರೆ, ಹಸಿ ಇಟ್ಟಿಗೆಗೆ "ಅಡೋಬೆ", ಬಣ್ಣದ ಹಂಚಿಗೆ "ಅಸುಲೇಹೊ". ಎಲ್ಲ ಅರಬಿಯಿಂದ ಬಂದವು. ಸಕ್ಕರೆಗೆ ಅವರು "ಅಸುಕಾರ್" ಅನ್ನುತ್ತಾರೆ, ಕಿತ್ತಳೆಗೆ "ನರಾಂಹಾ". ನಮ್ಮ ಸಕ್ಕರೆ, ನಮ್ಮ ನಾರಂಗಿಯೇ ಅರಬ್ಬರ ಬಾಯಿಂದ ಹಾದು ಅಲ್ಲಿಗೆ ಮುಟ್ಟಿದ್ದು. ಮಸೀದಿಯ ಅಂಗಳದಲ್ಲಿ ನೀವು ನೋಡಿದ ಕಿತ್ತಳೆ ಮರಗಳ ಹಣ್ಣು ಕಹಿ, ಹುಳಿ. ನಮ್ಮ ಹೇರಳೆಕಾಯಿಯ ಹಾಗೆ ಉಪ್ಪಿನಕಾಯಿಗೇ ಸರಿ.

ನನಗೆ ಸಿಟ್ಟು ಬರುವುದು ಇಲ್ಲಿ. ಯಾವ ಊರಿಗೆ ಹೋದರೂ ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿರುತ್ತದೆ, ಒಡೆಸಿದವನ ಹೆಸರೂ ಇರುತ್ತದೆ, ಕಟ್ಟಿದವನ ಹೆಸರು ಹುಡುಕಬೇಕು. ನಮ್ಮಲ್ಲೂ ಅಷ್ಟೇ ಅಲ್ವಾ? ನಮ್ಮೂರ ಮನೆಗೆ ನೂರು ವರ್ಷ ದಾಟಿದೆ. ಮರಳು, ಸುಣ್ಣ, ಬೆಲ್ಲದ ನೀರು ಹಾಕಿ ಅರೆದ ಗಾರೆ ಇವತ್ತಿಗೂ ಉಗುರಿಗೆ ಸಿಗುವುದಿಲ್ಲ. ಆ ಮನೆಗೆ ದುಡ್ಡು ಹಾಕಿದ ಮುತ್ತಜ್ಜನ ಫೋಟೋ ಪಡಸಾಲೆಯಲ್ಲಿದೆ. ಕಟ್ಟಿದ ಮೇಸ್ತ್ರಿ ಯಾರು ಅಂತ ಕೇಳಿದರೆ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹೋದ ವರ್ಷ ಒಂದು ಗೋಡೆಗೆ ಸಿಮೆಂಟು ಬಳಿಸಿದೆವು. ಆರು ತಿಂಗಳಿಗೆ ಚಕ್ಕೆ ಎದ್ದು ಬಂತು. ಹಳೆಯ ಗಾರೆ ಕಲಸಲು ಬರುವ ಒಬ್ಬರನ್ನು ಹುಡುಕಲು ನಾಲ್ಕು ತಿಂಗಳು ಬೇಕಾಯಿತು. ಸಿಕ್ಕಿದವರಿಗೆ ಎಪ್ಪತ್ತೆರಡು ವರ್ಷ. ಅವರ ಮಕ್ಕಳು ಯಾರೂ ಈ ಕೆಲಸದಲ್ಲಿಲ್ಲ.

ನೀವು ಕಳಿಸಿದ ಮೂರು ಫೋಟೋ ನೋಡಿದೆ. ಎರಡರಲ್ಲಿ ಕಮಾನು, ಮೂರನೆಯದರಲ್ಲಿ ನಿಮ್ಮ ಮನೆಯವರು ಒಂದು ತಿಳಿಗೆಂಪು ಕಂಬಕ್ಕೆ ಒರಗಿ ನಿಂತಿದ್ದಾರೆ. ಬಣ್ಣ ನೋಡಿದರೆ ಅದು ಅಲ್ ಹಕಮ್ ಕಾಲದ ಭಾಗ ಅನಿಸುತ್ತದೆ. ಅವರ ಭುಜದಿಂದ ಒಂದು ಗೇಣು ಮೇಲೆ, ಎಡಗಡೆ, ಸಣ್ಣ ಗೀರಿನ ಹಾಗೆ ಏನೋ ಇದೆ. ನಮಗೆ ಕಳಿಸಿದ ಪ್ರತಿ ಚಿಕ್ಕದು, ಸರಿಯಾಗಿ ಕಾಣುತ್ತಿಲ್ಲ. ಮೂಲ ಫೋಟೋ ನಿಮ್ಮ ಹತ್ತಿರ ಇರುತ್ತದಲ್ಲ, ದೊಡ್ಡದು ಮಾಡಿ ನೋಡಿ. ಅಕ್ಷರವಾಗಿದ್ದರೆ ಕಳಿಸಿ. ಅರಬಿ ಬಲ್ಲವರ ಹತ್ತಿರ ಓದಿಸಿ, ಮುಂದಿನ ಸಂಚಿಕೆಯಲ್ಲಿ ಆ ಹೆಸರನ್ನು ಅಚ್ಚು ಹಾಕುತ್ತೇನೆ.