ಚಂದ್ರನ ಪಿನ್ ಕೋಡ್ ಯಾರ ಕೈಲಿ?

ಹಾಸನದ ಓದುಗರೊಬ್ಬರು ಕೇಳಿದಾರೆ: “ನಾಳೆ ಚಂದ್ರ, ಮಂಗಳ ಅಂತ ಎಲ್ಲಾ ಕಡೆ ಇಂಟರ್ನೆಟ್ ಬಂದ್ರೆ ಅಲ್ಲಿನ ಕಂಪ್ಯೂಟರ್‌ಗಳಿಗೆ ಐಪಿ ಅಡ್ರೆಸ್ ಕೊಡೋರು ಯಾರು? ಮೊದಲು ಹೋದೋರೇ ಎಲ್ಲಾ ಬಾಚ್ಕೊಂಡ್ರೆ ನಮ್ಮ ಪಾಲಿಗೇನು ಉಳಿಯುತ್ತೆ?”

ಬಾಚ್ಕೊಳ್ಳೋ ಭಯ ಸುಳ್ಳಲ್ಲ, ಭೂಮಿ ಮೇಲೆ ಒಂದ್ಸಲ ಆಗಿ ಹೋಗಿದೆ. ಐಪಿ ಅಡ್ರೆಸ್ ಅಂದ್ರೆ ನೆಟ್‌ನಲ್ಲಿ ಒಂದು ಕಂಪ್ಯೂಟರನ್ನ ಹುಡುಕೋ ನಂಬರು, ಅದರ ಹಳೇ ಪದ್ಧತಿ ಐಪಿವಿ4ನಲ್ಲಿ ಇದ್ದಿದ್ದೇ ಒಟ್ಟು ಸುಮಾರು 430 ಕೋಟಿ. ಮೊದಮೊದಲು ಕೇಳಿದೋರಿಗೆ ಕೇಳಿದಷ್ಟು ಕೊಟ್ರು, ಅಮೆರಿಕದ ಎಂಐಟಿ ಅನ್ನೋ ಒಂದೇ ವಿಶ್ವವಿದ್ಯಾಲಯದ ಹತ್ರ 1.6 ಕೋಟಿಗೂ ಹೆಚ್ಚು ನಂಬರ್ ಇತ್ತು, ಆಮೇಲೆ ಬಂದ ನಮ್ಮಂಥ ದೇಶಗಳಿಗೆ ಬೇಕಾಗೋ ಹೊತ್ತಿಗೆ ಕಣಜ ಖಾಲಿ. ನಂಬರ್‌ಗಳ ಕೇಂದ್ರ ಉಗ್ರಾಣ ಐಯಾನಾ 2011ರ ಫೆಬ್ರವರಿಯಲ್ಲಿ ಕೊನೇ ಐದು ಬ್ಲಾಕ್‌ಗಳನ್ನ (ಒಟ್ಟೊಟ್ಟಿಗೆ ಬರೋ ನಂಬರ್‌ಗಳ ಕಟ್ಟು) ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದು ಹಂಚಿ ಕೈ ತೊಳ್ಕೊಂಡ್ತು, ನಮ್ಮ ಭಾಗ ನೋಡ್ಕೊಳ್ಳೋ ಎಪಿನಿಕ್‌ನಲ್ಲಿ ಅದೇ ಏಪ್ರಿಲ್‌ನಿಂದಲೇ ರೇಷನ್ ಶುರುವಾಯ್ತು.

ಹೊಸ ಪದ್ಧತಿ ಐಪಿವಿ6ನಲ್ಲಿ ಮಾತ್ರ ಈ ಕೊರತೆ ಇಲ್ಲ, ಒಂದೊಂದು ನಂಬರೂ 128 ಬಿಟ್ (0 ಅಥವಾ 1ರ ಅಂಕಿ) ಉದ್ದ ಇರೋದ್ರಿಂದ ಎಷ್ಟು ಗ್ರಹಕ್ಕೆ ಬೇಕಾದ್ರೂ ಸಾಕು. ಹಾಗಾಗಿ ಬಾಹ್ಯಾಕಾಶದಲ್ಲಿ ನಿಜವಾದ ತಕರಾರು ಎಷ್ಟು ಕೊಡೋದು ಅನ್ನೋದಲ್ಲ, ಹೇಗೆ ಜೋಡಿಸೋದು ಅನ್ನೋದು.

ನಿಮ್ಮೂರಿನ ಪಿನ್ ಕೋಡ್ 573201 ತಗೊಳ್ಳಿ. ದೆಹಲಿಯಲ್ಲಿ ಅಂಚೆ ವಿಂಗಡಿಸೋರು ಮೊದಲ ಅಂಕಿ 5 ನೋಡಿ ದಕ್ಷಿಣಕ್ಕೆ ಕಳಿಸಿದ್ರೆ ಮುಗೀತು, ಹಾಸನದ ಬೀದಿ ಅವರಿಗೆ ಗೊತ್ತಿರಬೇಕಾಗಿಲ್ಲ. ಐಪಿ ಅಡ್ರೆಸ್‌ನ ಜೀವಾಳ ಇದೇನೆ. ಈಗ ಒಂದೊಂದು ದೇಶ, ಒಂದೊಂದು ಕಂಪನಿ ತನ್ನ ಭೂಮಿ ಬ್ಲಾಕನ್ನೇ ಚಂದ್ರನಿಗೂ ಹೊತ್ಕೊಂಡು ಹೋದ್ರೆ ಪ್ರತಿಯೊಂದರ ದಾರೀನೂ ಸಂದೇಶಕ್ಕೆ ದಾರಿ ತೋರಿಸೋ ಯಂತ್ರಗಳಾದ ರೌಟರ್‌ಗಳೆಲ್ಲಾ ಬೇರೆಬೇರೆ ನೆನಪಿಟ್ಕೋಬೇಕು. ಭೂಮಿ ಮೇಲೇ ಆ ಪಟ್ಟಿ 10 ಲಕ್ಷದ ಹತ್ರ ಬಂದಿದೆ, ಮಂಗಳಕ್ಕಂತೂ ಒಂದು ಸಂದೇಶ ಮುಟ್ಟೋಕೇ 3ರಿಂದ 22 ನಿಮಿಷ, ಅಷ್ಟು ದೂರದಲ್ಲಿ ಕೂತು ಈ ಪಟ್ಟಿ ತಿದ್ತಾ ಇರೋಕಾಗುತ್ತಾ? ಅದಕ್ಕೇ ನನ್ನ ಪಕ್ಕಾ ಅಭಿಪ್ರಾಯ, ಅಡ್ರೆಸ್ ಜಾಗಕ್ಕೆ ಅಂಟಬೇಕು, ಬಾವುಟಕ್ಕಲ್ಲ. ಚಂದ್ರನಿಗೊಂದು ಬ್ಲಾಕು, ಮಂಗಳಕ್ಕೊಂದು, ಯಾರ ಯಂತ್ರವೇ ಆಗಿರ್ಲಿ ಅದರೊಳಗಿಂದಲೇ. ಇಂಟರ್ನೆಟ್ ನಿಯಮ ಬರೆಯೋ ಐಇಟಿಎಫ್‌ನಲ್ಲಿ 2025ರಲ್ಲಿ ಟಿಪ್‌ಟಾಪ್ ಅನ್ನೋ ತಂಡ ಹುಟ್ಟಿದೆ, ಬೇರೆ ಗ್ರಹಗಳಿಗೆ ಐಪಿ ಒಯ್ಯೋದೇ ಅದರ ಕೆಲಸ, ಬಾಹ್ಯಾಕಾಶಕ್ಕೆ ಅಂತಾನೇ ಬ್ಲಾಕ್ ಎತ್ತಿಡಬೇಕು ಅನ್ನೋ ಪ್ರಸ್ತಾಪ ಅಲ್ಲಿ ಚರ್ಚೆಗೆ ಬಂದಿದೆ.

ಸರಿ, ಹಂಚೋರು ಯಾರು? ಈಗಿರೋ ಐದು ಸಂಸ್ಥೆಗಳೂ ಭೂಮಿ ನಕ್ಷೆ ನೋಡಿ ಪಾಲಾದವು, ಚಂದ್ರ ಯಾರ ಸರಹದ್ದಿಗೂ ಬರಲ್ಲ. ಯಾವ ದೇಶವೂ ಅದನ್ನ ತನ್ನದು ಅನ್ನೋ ಹಾಗಿಲ್ಲ ಅಂತ 1967ರ ಬಾಹ್ಯಾಕಾಶ ಒಪ್ಪಂದವೇ ಹೇಳುತ್ತೆ. ಆರನೇದೊಂದು ಸಣ್ಣ ಸಂಸ್ಥೆ ಆಗ್ಬೇಕು ಅನ್ನೋದು ನನ್ನ ಆಸೆ, ಆದ್ರೆ ಅಲ್ಲಿ ರಾಕೆಟ್ ಇರೋರಷ್ಟೇ ಕೂತ್ರೆ ಬೇಡ. ಟೋಂಗಾ ನೆನಪಿಗೆ ಬರುತ್ತೆ. ಸುಮಾರು 1 ಲಕ್ಷ ಜನರ ದ್ವೀಪ ದೇಶ, ಸ್ವಂತ ಉಪಗ್ರಹ ಒಂದೂ ಇರ್ಲಿಲ್ಲ, ಆದ್ರೂ 1980ರ ದಶಕದ ಕೊನೇಲಿ ಉಪಗ್ರಹದ ಜಾಗಗಳ ಲೆಕ್ಕ ಇಡೋ ವಿಶ್ವಸಂಸ್ಥೆಯ ಐಟಿಯು ಹತ್ರ 16 ಭೂಸ್ಥಿರ (ಭೂಮಿಯಿಂದ ನೋಡಿದ್ರೆ ಒಂದೇ ಕಡೆ ನಿಂತಂತಿರೋ) ಉಪಗ್ರಹ ಜಾಗಗಳಿಗೆ ಅರ್ಜಿ ಹಾಕಿ ದೊಡ್ಡ ಗಲಾಟೆಯಾಗಿ ಕೊನೆಗೆ 6 ಸಿಕ್ಕಿದ್ವು, ಅವನ್ನ ಬಾಡಿಗೆಗೆ ಬಿಟ್ರು. ಬಡ ದೇಶದ ಜಾಣತನ ಅಂತ ನಾನು ಅವರನ್ನ ಬಯ್ಯಲ್ಲ. ತಪ್ಪು ಮೊದಲು ಬಂದೋರಿಗೆ ಮೊದಲ ಪಾಲು ಅನ್ನೋ ನಿಯಮದ್ದು.

ಇದಕ್ಕಿಂತ ಒಳ್ಳೇ ಮಾದರಿ ಈಗಾಗ್ಲೇ ಇದೆ, ಅದನ್ನ ಯಾರೂ ಮಾತಾಡಲ್ಲ ಅನ್ನೋದೇ ಬೇಜಾರು. ಬಾಹ್ಯಾಕಾಶ ನೌಕೆಗಳಿಗೆ ಗುರುತಿನ ನಂಬರ್ ಕೊಡೋ ಸಾನಾ ಅಂತ ಒಂದು ಕಚೇರಿ ಇದೆ. ನೌಕೆ ಭೂಮಿಗೆ ಕಳಿಸೋ ಮಾಹಿತಿ ಕಟ್ಟು, ಅಂದ್ರೆ ಟೆಲಿಮೆಟ್ರಿ ಫ್ರೇಮ್‌ನಲ್ಲಿ ಆ ಗುರುತಿಗೆ ಇರೋದು ಹತ್ತೇ ಬಿಟ್, ಅಂದ್ರೆ 1024 ನಂಬರ್ ಅಷ್ಟೇ, ಅದಕ್ಕೇ ಮಿಷನ್ ಮುಗಿದ್ಮೇಲೆ ವಾಪಸ್ ಕೊಡಬೇಕು. ನಂಬರ್ ಯಾರಪ್ಪನ ಆಸ್ತೀನೂ ಅಲ್ಲ, ಬಳಸೋವರೆಗೆ ಮಾತ್ರ ನಿಮ್ಮದು. ದೂರದ ಗ್ರಹಗಳಿಗಾಗಿ ಮಾಡಿರೋ ಬಂಡಲ್ ಪ್ರೋಟೋಕಾಲ್ ಅನ್ನೋ ಸಂದೇಶ ಕಳಿಸೋ ಪದ್ಧತೀಲೂ ನೋಡ್ (ಅದರಲ್ಲಿ ಸೇರಿರೋ ಒಂದೊಂದು ಯಂತ್ರ) ನಂಬರ್‌ಗಳ ಪಟ್ಟಿ ಐಯಾನಾದಲ್ಲಿದೆ, ಅದರಲ್ಲೊಂದು ಭಾಗ ಸಾನಾಕ್ಕೆ ಬಿಟ್ಟುಕೊಟ್ಟಿದಾರೆ. ಹೀಗೆ ಇಬ್ಬರು ಕೂತು ಜಗಳ ಇಲ್ದೆ ಹಂಚ್ಕೊಂಡಿದಾರೆ, ಚಂದ್ರನ ಐಪಿಗೂ ಇದೇ ದಾರಿ ಯಾಕಾಗ್ಬಾರ್ದು? ಮೊದಲಿಗೆ ಚಿಕ್ಕ ಬ್ಲಾಕ್ ಕೊಡ್ಲಿ, ಉಳಿದದ್ದಕ್ಕೆ ಬೀಗ ಹಾಕಿಡ್ಲಿ.

ನಮ್ಮ ಪಾಲೇನು ಅಂದ್ರಲ್ಲಾ, ಚಂದ್ರಯಾನದ ಮಾತು ಕೇಳಿಸ್ಕೊಂಡಿದ್ದು ಬೆಂಗಳೂರಿನ ಪಕ್ಕದ ಬ್ಯಾಲಾಳು ಆಂಟೆನಾ, ಹಂಗಾಗಿ ನಾವು ಹೊರಗೆ ನಿಂತು ನೋಡೋರಲ್ಲ. ಐಇಟಿಎಫ್‌ಗೆ ಸದಸ್ಯತ್ವ ಅಂತಿಲ್ಲ, ಕರಡುಗಳನ್ನ ಯಾರು ಬೇಕಾದ್ರೂ ಬಿಟ್ಟಿ ಓದಿ ತಕರಾರು ಬರೀಬಹುದು. ನೀವು ಓದಿ, ಬರೀರಿ, ನಮಗೂ ಒಂದು ಪ್ರತಿ ಕಳಿಸಿ, ಅಚ್ಚು ಹಾಕ್ತೀವಿ.

– ಸಂ.