ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮಕ್ಕಳ ಜೊತೆ ಕ್ಯಾರವಾನ್ ನಿಲ್ಲಿಸಿ ತಂಗಲು ಕೆರೆ ದಡದ ಒಳ್ಳೆಯ ಜಾಗ ಯಾವುದು?

‘ಬಾಗಿಲು ತೆಗೆದರೆ ನೀರು ಕಾಣಬೇಕು’ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ಇಬ್ಬರು ಮಕ್ಕಳು, ಜೊತೆಗೆ ಅತ್ತೆ, ಎರಡು ರಾತ್ರಿ, ಬೆಂಗಳೂರಿನಿಂದ ಬಾಡಿಗೆ ಗಾಡಿ. 2022ರ ಫೆಬ್ರವರಿಯಲ್ಲಿ ನಾನು ಹೊರಟಿದ್ದೂ ಹೀಗೇ. ಫೋನಿನಲ್ಲಿ ಕ್ಯಾಂಪಿನವರಿಗೆ ನಾನು ಹೇಳಿದ್ದೂ ಇದೇ ಮಾತು.

ಹಿಂದಿನ ನವೆಂಬರ್‌ನ ಮಳೆಗೆ ನಮ್ಮ ಕಡೆಯ ಎಷ್ಟೋ ಕೆರೆಗಳು ಕೋಡಿ ಹರಿದಿದ್ದವು. ವರ್ಷಗಟ್ಟಲೆ ಬರೀ ಜಾಲಿ ಮುಳ್ಳು ಬೆಳೆದಿದ್ದ ಕೆರೆಗಳಲ್ಲಿ ನೀರು ನೋಡಿ ಜನಕ್ಕೆ ಹುಚ್ಚು ಹಿಡಿದ ಹಾಗಾಗಿತ್ತು. ನನಗೂ ಹಿಡಿದಿತ್ತು. ಚಿಕ್ಕಬಳ್ಳಾಪುರದ ಹತ್ತಿರದ ಒಂದು ಕೆರೆ. ಹೆಸರು ಬೇಡ, ಕೆರೆಯದೇನೂ ತಪ್ಪಿಲ್ಲ. ಪಕ್ಕದ ಜಮೀನಿನವರು ನಾಲ್ಕು ಟೆಂಟ್ ಹಾಕಿ, ಗಾಡಿ ನಿಲ್ಲಿಸುವುದಕ್ಕೂ ಜಾಗ ಕೊಡುತ್ತಿದ್ದರು.

ಹೊರಡುವ ಮುಂಚೆ ನಾನು ಏನೇನೋ ಕೇಳಿದ್ದೆ. ಬಾತ್‌ರೂಮ್ ಇದೆಯಾ, ಬಿಸಿ ನೀರು ಬರುತ್ತಾ, ರಾತ್ರಿ ಹಾಡು ಹಾಕುತ್ತಾರಾ, ನಾಯಿ ಕಾಟ ಇದೆಯಾ, ಮಕ್ಕಳಿಗೆ ಹಾಲು ಸಿಗುತ್ತಾ. ಒಂದನ್ನು ಮಾತ್ರ ಕೇಳಲಿಲ್ಲ: ಗಾಡಿ ನಿಲ್ಲುವ ನೆಲ ಯಾವುದು?

ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ನವೆಂಬರ್‌ನಲ್ಲಿ ತುಂಬಿದ ಕೆರೆ ಫೆಬ್ರವರಿಗೆ ಸ್ವಲ್ಪ ಹಿಂದೆ ಸರಿದಿರುತ್ತದೆ. ಸರಿದ ಜಾಗದಲ್ಲಿ ಒಂದು ಪಟ್ಟಿ ಉಳಿಯುತ್ತದೆ. ಸಮತಟ್ಟು, ಕಲ್ಲಿಲ್ಲ, ಗಿಡವಿಲ್ಲ. ಮೇಲೆ ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಬಿರುಕು ಬಿಟ್ಟಿರುತ್ತದೆ. ನಡೆದರೆ ಗಟ್ಟಿ. ಬೈಕ್ ಹೋದರೂ ಗಟ್ಟಿ. ಆದರೆ ಅದು ನೆಲವೇ ಅಲ್ಲ, ಗೋಡು. ಊರಿನ ಹೊಲಗಳಿಂದ ಮಳೆ ನೀರಿನ ಜೊತೆ ಹರಿದು ಬಂದು ಕೂತ ನುಣ್ಣನೆಯ ಮಣ್ಣು. ಬೇಸಿಗೆಯಲ್ಲಿ ರೈತರು ಟ್ರ್ಯಾಕ್ಟರ್‌ನಲ್ಲಿ ತುಂಬಿಕೊಂಡು ಹೋಗಿ ಹೊಲಕ್ಕೆ ಹೊಡೆಯುವುದು ಇದನ್ನೇ. ಇದು ನೀರನ್ನು ಸುಲಭವಾಗಿ ಬಿಡುವುದಿಲ್ಲ. ಮೇಲಿನ ನಾಲ್ಕು ಬೆರಳು ಒಣಗಿದ್ದರೂ ಕೆಳಗೆ ಹಿಟ್ಟಿನ ಹಾಗೆ ಮೆತ್ತಗೇ ಇರುತ್ತದೆ. ಟೆಂಪೋ ಟ್ರಾವೆಲರ್ ಗಾತ್ರದ ಗಾಡಿಯಲ್ಲಿ ಹಾಸಿಗೆ, ಫ್ರಿಜ್, ಬ್ಯಾಟರಿ, ನೀರಿನ ಟ್ಯಾಂಕ್, ಜನ ಎಲ್ಲ ಸೇರಿ ಮೂರು ಟನ್ ದಾಟುತ್ತದೆ. ಅಷ್ಟು ಭಾರ ನಾಲ್ಕು ಚಕ್ರದ ಅಡಿಯಲ್ಲಿ, ರಾತ್ರಿಯಿಡೀ ಕದಲದೆ ಕೂತರೆ?

ಆ ಸಂಜೆ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿ ನಿಂತು ನೋಡಿ, ‘ಅಲ್ಲಿ ನಾವು ದನಾನೂ ಇಳ್ಸಲ್ಲ ಸಾಮಿ’ ಅಂದರು. ನಾನು ನಕ್ಕು ಕೈ ಬೀಸಿದೆ. ನಾನೂ ಕೆರೆ ಇರುವ ಊರಿನಲ್ಲೇ ಬೆಳೆದವನು, ಚಿಂತಾಮಣಿ ಕಡೆಯವನು. ನನಗೆ ಬುದ್ಧಿ ಬೇಡವಾ?

ರಾತ್ರಿ ಏನೂ ಗೊತ್ತಾಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಮಗ ಉರುಳಿ ಅಕ್ಕನ ಮೇಲೆ ಬಿದ್ದ. ನಿದ್ದೆಯಲ್ಲಿ ಹೊರಳಿದ್ದಾನೆ ಅಂತ ಸರಿ ಮಾಡಿ ಮಲಗಿಸಿದೆ. ಬೆಳಿಗ್ಗೆ ನನ್ನ ಹೆಂಡತಿ ಹಾಲು ಕಾಯಿಸಲು ಇಟ್ಟಳು. ಪಾತ್ರೆಯಲ್ಲಿ ಹಾಲು ಒಂದು ಕಡೆ ಅಂಚಿಗೆ ಬಂದಿದೆ, ಇನ್ನೊಂದು ಕಡೆ ತಳ ಕಾಣುತ್ತಿದೆ. ಇಬ್ಬರೂ ಆ ಪಾತ್ರೆಯನ್ನೇ ನೋಡುತ್ತಾ ನಿಂತೆವು. ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು, ಕೆಳಗಿನ ಮೆಟ್ಟಿಲು ಮಣ್ಣಿನೊಳಗೆ ಹೋಗಿತ್ತು. ಅತ್ತೆಯನ್ನು ಡ್ರೈವರ್ ಸೀಟಿನ ಕಡೆಯಿಂದ ಇಳಿಸಿದೆವು. ಅವರಿಗೆ ಮಂಡಿ ನೋವು. ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಉರಿ.

ಆಮೇಲೆ ಡ್ರೈವರ್ ಆಕ್ಸಿಲರೇಟರ್ ಒತ್ತಿದ. ಒತ್ತಬಾರದಿತ್ತು. ಚಕ್ರ ಸುತ್ತಿದಷ್ಟೂ ಗುಂಡಿ ತೋಡಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಹಿಂದಿನ ಎಡ ಚಕ್ರ ಪೂರ್ತಿ ಕಾಣೆ. ಟ್ರ್ಯಾಕ್ಟರ್ ಬಂದು ವೈರ್ ರೋಪ್ ಕಟ್ಟಿ ಎಳೆಯುವಾಗ ಗಾಡಿಯ ಹೊಟ್ಟೆಯಲ್ಲಿದ್ದ ಕೊಳೆ ನೀರಿನ ಟ್ಯಾಂಕಿನ ಪೈಪು ಮುರಿಯಿತು. ಎರಡು ದಿನದ ಪಾತ್ರೆ ತೊಳೆದ ನೀರು, ಸ್ನಾನದ ನೀರು ಅಲ್ಲೇ ಹರಿಯಿತು. ಟ್ರ್ಯಾಕ್ಟರ್‌ಗೆ ಮೂರು ಸಾವಿರ. ಗಾಡಿಯವರು ಹಿಡಿದುಕೊಂಡ ಡಿಪಾಸಿಟ್ ಹದಿನೈದು ಸಾವಿರ. ನ್ಯಾಯವಾಗಿಯೇ ಹಿಡಿದುಕೊಂಡರು, ಡಾಂಬರು ಅಥವಾ ಗಟ್ಟಿ ನೆಲದಲ್ಲಿ ಮಾತ್ರ ನಿಲ್ಲಿಸಿ ಅಂತ ಕಾಗದದಲ್ಲಿ ಇತ್ತು. ನಾನು ಓದದೆ ಸಹಿ ಹಾಕಿದ್ದೆ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಕೆರೆ ದಡದಲ್ಲಿ ಯಾವ ಜಾಗ ಒಳ್ಳೆಯದು ಅಂತ ಕೇಳಬೇಡಿ. ದಡ ಬಿಡಿ. ವಿಡಿಯೋದಲ್ಲಿ ಅಮೆರಿಕದವರು ಸರೋವರದ ಪಕ್ಕ ನಿಲ್ಲಿಸುತ್ತಾರಲ್ಲ, ಅಲ್ಲಿ ಎಷ್ಟೋ ಕಡೆ ಒಂದೊಂದು ಗಾಡಿಗೂ ಜಲ್ಲಿ ಅಥವಾ ಕಾಂಕ್ರೀಟ್ ಹಾಕಿದ ಕಟ್ಟೆ, ಅದಕ್ಕೊಂದು ನಂಬರು, ಕರೆಂಟು, ನೀರು, ಕೊಳೆ ನೀರು ಬಿಡುವ ಕಿಂಡಿ ಇರುತ್ತದೆ. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಯಾರದೋ ತೋಟ, ಒಂದು ನಲ್ಲಿ, ಒಂದು ಪ್ಲಗ್ಗು. ತಪ್ಪೇನಿಲ್ಲ, ಅದೂ ಚೆನ್ನಾಗಿರುತ್ತದೆ. ಆದರೆ ಅದು ಗಟ್ಟಿ ನೆಲದ ತೋಟವಾಗಿರಲಿ. ಶ್ರೀನಿವಾಸಪುರದ ಕಡೆ ಕೆಂಪು ಗರಸು ನೆಲದ ಮಾವಿನ ತೋಪುಗಳು ಬೇಕಾದಷ್ಟಿವೆ. ಅಲ್ಲಿ ನೆರಳಲ್ಲಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಕೆರೆ ಏರಿ ಮೇಲೆ ನಡೆದು ಬನ್ನಿ. ನೀರು ಏರಿಯಿಂದಲೇ ಚೆನ್ನಾಗಿ ಕಾಣುವುದು. ಕೊಂಬೆ ಎಷ್ಟು ತಗ್ಗಿದೆ ಅಂತ ಮಾತ್ರ ಮೊದಲೇ ಕೇಳಿ, ಗಾಡಿ ಮೇಲೆ ಎಸಿ ಡಬ್ಬ ಇದ್ದರೆ ಬಡಿಯುತ್ತದೆ.

ಮಕ್ಕಳನ್ನು ನೀರಿಗೆ ಬಿಡುವ ಯೋಚನೆ ಇದ್ದರೆ ಅದನ್ನೂ ಬಿಡಿ. ಗೋಡು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮೊಣಕಾಲುದ್ದ ಇದ್ದದ್ದು ಮುಂದಿನ ಹೆಜ್ಜೆಗೆ ಆಳುದ್ದ. ಇನ್ನೊಂದು, ಕೋಲಾರದ ಎಷ್ಟೋ ಕೆರೆಗಳಿಗೆ 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಬಿಡುತ್ತಿದ್ದಾರೆ. ಚಿಕ್ಕಬಳ್ಳಾಪುರದ ಕಡೆಗೆ ಇದೇ ಥರ ಶುದ್ಧ ಮಾಡಿದ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ನೀರು ಬರುತ್ತದೆ. ಅಂತರ್ಜಲ ಏರಲಿ ಅಂತ ಬಿಟ್ಟ ನೀರು ಅದು, ಮಕ್ಕಳು ಮುಳುಗಿ ಏಳುವುದಕ್ಕಲ್ಲ. ಹೋಗುವ ಕೆರೆಗೆ ಆ ನೀರು ಬರುತ್ತದಾ ಅಂತ ಊರಿನ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಚಿಕ್ಕಬಳ್ಳಾಪುರದ ಹತ್ತಿರದ ಶ್ರೀನಿವಾಸ ಸಾಗರ ಅಣೆಕಟ್ಟಿನ ಗೋಡೆ ಮೇಲೆ ನೀರು ಬೀಳುವ ರೀಲ್ಸ್ ನೋಡಿದ್ದರೆ, ಅಲ್ಲಿ ದೂರ ನಿಂತು ನೋಡಿ. 2022ರ ಮೇನಲ್ಲಿ ಆ ಗೋಡೆ ಹತ್ತಲು ಹೋದ ಯುವಕನೊಬ್ಬ ಮೇಲಿಂದ ಬಿದ್ದ ವಿಡಿಯೋ ಎಲ್ಲ ಕಡೆ ಓಡಾಡಿತ್ತು.

ಇಷ್ಟು ಹೇಳಿದ ಮೇಲೂ ದಡವೇ ಬೇಕು ಅನ್ನುತ್ತೀರಾ? ಹಾಗಾದರೆ ಅಡ್ವಾನ್ಸ್ ಕೊಡುವ ಮುಂಚೆ ಅವರಿಗೆ ಒಂದು ವಿಡಿಯೋ ಕಳಿಸಲು ಹೇಳಿ. ಕೆರೆಯದ್ದಲ್ಲ, ನೆಲದ್ದು. ದನದ ಗೊರಸಿನ ಗುರುತು ಬೆರಳುದ್ದ ಇಳಿದಿದ್ದರೆ ಅಲ್ಲಿಗೆ ಮುಗಿಯಿತು. ಹಾರೆ ಇದ್ದರೆ ಒಂದು ಸಲ ಕುಕ್ಕಿ ತೋರಿಸಿ ಅನ್ನಿ. ಠಣ್ ಅಂದರೆ ಗರಸು. ಸುಮ್ನೆ ಒಳಗೆ ಹೋದರೆ ಬೇರೆ ಜಾಗ ನೋಡಿ. ಕರೆಂಟಿಗೆ 15 ಆಂಪ್‌ನ ದಪ್ಪ ಪ್ಲಗ್ ಇದೆಯಾ ಅಂತಲೂ ಕೇಳಿ. ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗಿನಿಂದ ತೆಳು ವೈರ್ ಎಳೆದು ಎಸಿ ಹಾಕಿದರೆ ವೈರ್ ಸುಡುತ್ತದೆ. ಗಾಡಿಯ ಟಾಯ್ಲೆಟ್‌ನ ಕೊಳೆ ತುಂಬುವ ಡಬ್ಬಿ ಎಲ್ಲಿ ಖಾಲಿ ಮಾಡಬೇಕು ಅಂತ ಕೇಳಿದಾಗ ‘ಅಲ್ಲೇ ಎಲ್ಲಾದ್ರೂ’ ಅಂದರೆ ಫೋನ್ ಇಟ್ಟುಬಿಡಿ.

ಅಂದ ಹಾಗೆ ನಿಮ್ಮ ಅತ್ತೆಗೂ ಮಂಡಿ ನೋವಿದ್ದರೆ ಮನೆಯಿಂದ ಒಂದು ಮರದ ಮಣೆ ತೆಗೆದುಕೊಂಡು ಹೋಗಿ. ಕ್ಯಾರವಾನ್‌ನ ಮೊದಲ ಮೆಟ್ಟಿಲು ಎತ್ತರ. ನಮ್ಮ ಅತ್ತೆ ಎರಡನೇ ಸಲ ತೋಪಿಗೆ ಹೋಗುವಾಗ ಹಾಕಿದ್ದು ಅದೊಂದೇ ಷರತ್ತು.